ಕೆಂಚಿಯ ಬಾಯಿಗೆ ಒಗ್ಗಿದ ಕಡಿವಾಣ

ಧನ್ಯಾ, ತೇಜಸ್, ಇದನ್ನು ಇಬ್ಬರೂ ಕೂತು ಓದಿ. ಬಾಯಲ್ಲಿ ಹೇಳಲು ಹೋದರೆ ನನಗೆ ಮಾತು ಗಂಟಲಲ್ಲೇ ನಿಂತುಬಿಡುತ್ತದೆ, ನಿಮಗೆ ಗೊತ್ತೇ ಇದೆ.

ಹೋದ ಭಾನುವಾರ ಧನ್ಯಾ ದೇವನಹಳ್ಳಿ ಕಡೆಯ ಕುದುರೆ ಸವಾರಿ ಕ್ಲಾಸಿನಿಂದ ಬಂದು, ಚೀಲದಿಂದ ಒಂದು ಹಳೆಯ ಕಡಿವಾಣ, ಕುದುರೆ ಬಾಯಿಗೆ ಅಡ್ಡ ಹಾಕುವ ಕಬ್ಬಿಣ, ತೆಗೆದು ಅಡುಗೆ ಕಟ್ಟೆಯ ಮೇಲಿಟ್ಟಳು. "ಅಜ್ಜೀ, ನಮ್ ಕುದುರೆ ಬಾಯಿ ತುಂಬಾ ಸೆನ್ಸಿಟಿವ್ ಅಂತೆ. ಇದು ನೋಯ್ಸುತ್ತೆ ಅಂತ ಸರ್ ಬೇರೆ ತರ್ಸಿದ್ರು, ಇದನ್ನ ನಂಗೇ ಕೊಟ್ಬಿಟ್ರು," ಎಂದಳು. ನಾನು ಹೂಂ ಎಂದೆ. ನೀವು ಆಚೆ ಹೋದ ಮೇಲೆ ಅದನ್ನು ಮೂಗಿನ ಹತ್ತಿರ ಹಿಡಿದೆ. ಒದ್ದೆ ಕಬ್ಬಿಣ, ಒಣಗಿದ ಜೊಲ್ಲು, ಹುಲ್ಲು... ದೊಡ್ಡಬಳ್ಳಾಪುರದ ನಮ್ಮ ಬೀದಿ ಕಣ್ಣೆದುರು ಎದ್ದು ನಿಂತಿತು. ಅದರ ಜೊತೆಗೆ ಎದುರುಮನೆ ಅಕ್ಕನೂ ಬಂದಳು. ಅವಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆಗ ನಿಮ್ಮ ತಾತ ಜಟಕಾ ಓಡಿಸುತ್ತಿದ್ದರು. ರೈಲು ಇಳಿದ ಜನರನ್ನೂ ಮಗ್ಗದ ಮನೆಗಳ ಸೀರೆ ಗಂಟುಗಳನ್ನೂ ಸಾಗಿಸುವುದು ಅವರ ಕೆಲಸ. ನಾನು ನಂದಗುಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ಹಸು ಗೊತ್ತು, ಎಮ್ಮೆ ಗೊತ್ತು, ಕುದುರೆ ಎಂದರೆ ಭಯ. ಎದುರುಮನೆ ಅಕ್ಕ ಹಾಗಲ್ಲ. ಅವಳ ಗಂಡನ ಮನೆಯವರು ನೇಯುವವರು, ಅವಳೂ ಬಾಗಿಲಲ್ಲಿ ಕೂತು ನೂಲು ಸುತ್ತುತ್ತಿದ್ದಳು. ಆದರೆ ಅವಳಪ್ಪ ಮಗ್ಗ ಬಿಟ್ಟು ಹೊಸಕೋಟೆಯಲ್ಲಿ ಜಟಕಾ ಇಟ್ಟಿದ್ದನಂತೆ, ಕುದುರೆಗಳ ನಡುವೆಯೇ ಬೆಳೆದವಳು. ಬೆಳಿಗ್ಗೆ ತಾತ ಗಾಡಿ ಕಟ್ಟುವಾಗ ನೂಲು ಬಿಟ್ಟು ಎದ್ದು ಬರುತ್ತಿದ್ದಳು. ನಮ್ಮ ಹೆಣ್ಣು ಕುದುರೆ ಕೆಂಚಿಯ ಕಾಲು, ಕಿವಿ, ಲದ್ದಿ, ಎಲ್ಲದರ ಬಗ್ಗೆಯೂ ಇಬ್ಬರಿಗೂ ಮಾತು, ನಗು. ನನ್ನ ಜೊತೆ ತಾತನಿಗಿದ್ದ ಮಾತು ಸಾರಿಗೆ ಉಪ್ಪು ಹೆಚ್ಚಾಯಿತು, ಕಡಿಮೆಯಾಯಿತು, ಅಷ್ಟೇ.

ತಪ್ಪು ತಿಳಿಯಬೇಡಿ. ಅವಳು ಅವರಿಗಿಂತ ದೊಡ್ಡವಳು, ಅವರು ಬಾಯಿತುಂಬ ಅಕ್ಕಾ ಎನ್ನುತ್ತಿದ್ದರು. ನನ್ನ ಸಂಕಟವೇ ಬೇರೆ. ಅವಳು ಏನು ಹೇಳಿದರೂ ಅವರು ತಲೆದೂಗುತ್ತಿದ್ದರು. ನನ್ನ ಒಂದಾದರೂ ಮಾತಿಗೆ ಹಾಗೆ ತಲೆದೂಗಲಿ ಎಂದು ನಾನು ಒಳಗೇ ಕಾಯುತ್ತಿದ್ದೆ.

ಕೆಂಚಿಯ ಬಾಯಿ ಬಹಳ ಎಳಸು. ಲಗಾಮು ಸ್ವಲ್ಪ ಎಳೆದರೂ ತಲೆ ಒದರುತ್ತಿದ್ದಳು, ತುಟಿಯ ಮೂಲೆ ಕಿತ್ತು ರಕ್ತ ಬರುತ್ತಿತ್ತು. ಜಟಕಾ ಸ್ಟ್ಯಾಂಡಿನವರ ಮಾತು ಕೇಳಿ ತಾತ ಹಗ್ಗದಂತೆ ಹೊಸೆದ ಕಬ್ಬಿಣದ ಕಡಿವಾಣ ಹಾಕಿದರು. ಜೋರು ಕಡಿವಾಣ ಹಾಕಿದರೆ ಬಗ್ಗುತ್ತಾಳೆ ಎಂಬ ಲೆಕ್ಕ. ಕೆಂಚಿ ಸ್ಟೇಷನ್ ಮುಂದೆ ಹಿಂಗಾಲ ಮೇಲೆ ಎದ್ದು ನಿಂತಳು, ಸೀರೆ ಗಂಟುಗಳೆಲ್ಲ ಚರಂಡಿಗೆ ಬಿದ್ದವು. ಇನ್ನೊಂದು ಸಲ ಹೀಗಾದರೆ ಮಾರಿಬಿಡುವುದೇ ಎಂದ ತಾತ ಅಂದು ಊಟ ಮಾಡಲಿಲ್ಲ.

ಅಕ್ಕ ಆ ಕಡಿವಾಣ ಕಿತ್ತು ಎಸೆದಳು. "ಏನಪ್ಪಾ, ಇದನ್ನ ಬಾಯಿಗ್ ಹಾಕೋದಾ, ಬಾವಿಗ್ ಬಿದ್ದ ಬಿಂದಿಗೆ ಎತ್ತೋದಾ? ದಪ್ಪಂದು, ನುಣ್ಣಗಿರೋದು ಹಾಕು. ನಮ್ಮಪ್ಪ ಅದನ್ನೇ ಹಾಕ್ತಿದ್ದ." ತಾತ ತಲೆದೂಗಿದರು. ದಪ್ಪದ್ದು ಬಂತು. ರಕ್ತ ನಿಂತಿತು, ನಿಜ. ಆದರೆ ಕೆಂಚಿ ಬಾಯಿ ತೆರೆದುಕೊಂಡೇ ಓಡುತ್ತಿದ್ದಳು, ಜೊಲ್ಲು ಎದೆಯವರೆಗೆ ಇಳಿಯುತ್ತಿತ್ತು, ನಾಲಿಗೆ ಪಕ್ಕಕ್ಕೆ ಜೋತುಬೀಳುತ್ತಿತ್ತು. ತಲೆ ಒದರುವುದು ಬಿಡಲಿಲ್ಲ. ಅಭ್ಯಾಸವಾಗುತ್ತದೆ ಎಂದಳು ಅಕ್ಕ. ಹೌದು ಎಂದರು ಇವರು.

ನಾನು ಸಂಜೆ ದೂರದಿಂದ ಹುರುಳಿ ಬಕೆಟ್ ತಳ್ಳುವಾಗ ನೋಡುತ್ತಿದ್ದೆ. ಪುಟ್ಟ ಬಾಯಿ, ಅದರ ತುಂಬ ನಾಲಿಗೆ. ಒಂದು ಮಧ್ಯಾಹ್ನ ಆ ಕಡಿವಾಣವನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದೆ. ಅಡುಗೆಮನೆ ಬಾಗಿಲು ಹಾಕಿಕೊಂಡು ನನ್ನ ಬಾಯಿಗೇ ಅಡ್ಡಲಾಗಿ ಇಟ್ಟು, ಅದರ ಎರಡೂ ತುದಿಯ ಕಬ್ಬಿಣದ ಬಳೆ ಹಿಡಿದು ಹಿಂದಕ್ಕೆ ಎಳೆದೆ. ನಗಬೇಡಿ. ಅಕ್ಕನಿಗೆ ತಿಳಿಯದ್ದು ನನಗೊಂದು ತಿಳಿಯಬೇಕಿತ್ತು, ಆ ಉರಿ ಇಲ್ಲದಿದ್ದರೆ ನಾನು ಅದನ್ನು ಮುಟ್ಟುತ್ತಲೂ ಇರಲಿಲ್ಲ. ನಾಲಿಗೆ ಅಡಿಗೆ ಸಿಕ್ಕಿ ಅಪ್ಪಚ್ಚಿಯಾಯಿತು. ಬಾಯಿ ಮುಚ್ಚಲಾಗಲಿಲ್ಲ, ಉಗುಳು ನುಂಗಲಾಗಲಿಲ್ಲ. ನುಣುಪಾದರೆ ಸಾಲದು, ನಾಲಿಗೆಗೂ ಜಾಗ ಬೇಕು...

ರಾತ್ರಿ ಊಟಕ್ಕೆ ಬಡಿಸುತ್ತಾ ಹೇಳಿದೆ. "ರೀ, ಅದು ಅವಳ ಬಾಯಿಗೆ ದಪ್ಪ ಆಯ್ತು. ಒಂಚೂರು ಸಣ್ಣ ಮಾಡ್ಸಿ, ಮಧ್ಯ ನಾಲಿಗೆಗೆ ಕಮಾನು ಥರ ಎತ್ತಿರ್ಲಿ."

ಅವರು ಮುದ್ದೆ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಆಗ್ಲಿ, ಅಕ್ಕನ್ನ ಕೇಳಿ ನೋಡ್ತೀನಿ," ಎಂದರು.

ಆ ರಾತ್ರಿ ನಾನು ಉಣ್ಣಲಿಲ್ಲ.

ಬೆಳಿಗ್ಗೆ ಅಕ್ಕ ನೇರ ನಮ್ಮ ಬಾಗಿಲಿಗೆ ಬಂದಳು. "ಏನೇ ಹುಡುಗಿ, ನಿಂಗ್ ಹೆಂಗ್ ಗೊತ್ತಾಯ್ತು?" ನಾನು ತಲೆ ತಗ್ಗಿಸಿ ಬಾಯಿ ತೋರಿಸಿದೆ. ಅವಳು ತಾತನ ಕೈಯಿಂದ ಕಡಿವಾಣ ಕಿತ್ತುಕೊಂಡು, ಸೆರಗಿನಲ್ಲಿ ಒರೆಸಿ, ನಡುಬೀದಿಯಲ್ಲಿ ಎಲ್ಲರೂ ನೋಡುವಂತೆ ತನ್ನ ಬಾಯಿಗೆ ಇಟ್ಟುಕೊಂಡಳು! ಜೊಲ್ಲು ಸುರಿಯಿತು. ತೆಗೆದು ಬಿದ್ದು ಬಿದ್ದು ನಕ್ಕಳು. "ಅಯ್ಯೋ, ನಿನ್ ಹೆಂಡ್ತಿ ಹೇಳಿದ್ದೇ ಸರಿ ಕಣಪ್ಪಾ! ನಮ್ಮಪ್ಪನ ಕುದುರೆಗಳದ್ದು ಕೊಳಗದಂಥ ಬಾಯಿ, ಇವಳದ್ದು ಲೋಟ."

ಆಗ ತಾತ ತಲೆದೂಗಿದರು. ಅವಳ ಮಾತಿಗೆ.

ಕುಲುಮೆಗೆ ಹೊರಡುವಾಗ ಅಕ್ಕ ನನ್ನ ಕೈ ಹಿಡಿದು ಎಳೆದಳು. "ಬಾರೇ, ಎಷ್ಟು ಎತ್ತಬೇಕು ಅಂತ ನೀನೇ ಹೇಳು." ಅಷ್ಟು ಗಂಡಸರ ನಡುವೆ ನಿಲ್ಲಲು ನನ್ನಿಂದ ಆಗಲಿಲ್ಲ, ಬಾಗಿಲ ಹಿಂದೆ ಸರಿದೆ. ಅವಳು ಹೋದಳು. ಹೊಸ ಕಡಿವಾಣ ಹಾಕಿದ ಮೇಲೆ ಕೆಂಚಿ ಬಾಯಿ ಮುಚ್ಚಿ, ಕತ್ತು ಬಗ್ಗಿಸಿ, ಮದುಮಗಳ ಹಾಗೆ ನಡೆದಳು. ಮಾರುವ ಮಾತು ನಿಂತಿತು. ಸ್ಟ್ಯಾಂಡಿನಲ್ಲಿ ಎಲ್ಲರೂ ಅದನ್ನು ಅಕ್ಕನ ಕಡಿವಾಣ ಎಂದೇ ಕರೆದರು. "ನಂದಲ್ಲ ಕಣ್ರೋ, ಇವನ ಹೆಂಡ್ತೀದು!" ಎಂದು ಅವಳು ಬೀದಿಯಲ್ಲೇ ಕೂಗುತ್ತಿದ್ದಳು. ಎಂಥ ದೊಡ್ಡ ಮನಸ್ಸು ಎಂದು ಜನ ಅವಳನ್ನೇ ಮತ್ತಷ್ಟು ಹೊಗಳಿದರು. ಅದು ನನಗೆ ಇನ್ನೂ ಉರಿಯಿತು.

ಜಟಕಾಗಳ ಕಾಲ ಮುಗಿಯಿತು, ಕೆಂಚಿಯೂ ಹೋದಳು. ತಾತ ವಯಸ್ಸಾದ ಮೇಲೆ ನಿಮ್ಮಪ್ಪನಿಗೆ ಕಥೆ ಹೇಳುತ್ತಿದ್ದರು, ಎದುರುಮನೆ ಅಕ್ಕ ಇಲ್ಲದಿದ್ದರೆ ಕೆಂಚಿಯನ್ನು ಮಾರಬೇಕಾಗಿತ್ತು ಎಂದು. ಸುಳ್ಳು ಹೇಳುವ ಮನುಷ್ಯ ಅಲ್ಲ. ಅವರ ನೆನಪಿನಲ್ಲಿ ಇದ್ದದ್ದೇ ಹಾಗೆ. ನಾನು ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದೆ.

ಅವರು ತೀರಿಕೊಂಡಾಗ ಅಕ್ಕ ಕೋಲೂರಿಕೊಂಡು ಬಂದು ನನ್ನ ಪಕ್ಕ ಕೂತಳು. "ಅವನಿಗೆ ಬುದ್ಧಿ ಇರ್ಲಿಲ್ಲ ಕಣೇ. ಗಾಡಿ ಓಡಿದ್ದು ನಿನ್ ಬುದ್ಧೀಲಿ," ಎಂದಳು. ಅಷ್ಟು ವರ್ಷ ನಾನು ಕೇಳಬೇಕೆಂದಿದ್ದ ಮಾತು. ಆದರೆ ನನಗೆ ಬಂದದ್ದು ಸಿಟ್ಟು. ನನ್ನ ಗಂಡನನ್ನು ಅವನು ಎನ್ನಲು, ಬೈಯಲು, ಇವಳಿಗೆ ಎಷ್ಟು ಸಲಿಗೆ... ನಾನು ಮುಖ ತಿರುಗಿಸಿ ಕೂತೆ.

ಕಳೆದ ಆಷಾಢದಲ್ಲಿ ಅವಳೂ ಹೋದಳು. ಅವಳ ಮಗ ಫೋನು ಮಾಡಿದಾಗ ನನಗೆ ಮೊದಲು ಅನ್ನಿಸಿದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ: ಅಲ್ಲಿಗೂ ನನಗಿಂತ ಮುಂಚೆ ಹೊರಟಳಲ್ಲ, ಅವರ ಹತ್ತಿರ ಮಾತಾಡಲು! ಫೋನು ಇಟ್ಟ ಮೇಲೆ ಇನ್ನೊಂದು ಹೊಳೆಯಿತು. ಆ ಕೆಲಸ ನನ್ನದು ಎಂದು ಆ ಊರಲ್ಲಿ ಬಾಯಿಬಿಟ್ಟು ಹೇಳುತ್ತಿದ್ದವಳು ಅವಳೊಬ್ಬಳೇ. ನನ್ನ ಗಂಡನೂ ಮರೆತದ್ದನ್ನು ಅವಳು ಮರೆತಿರಲಿಲ್ಲ. ಇನ್ನು ನಾನು ಹೇಳಿದರೂ ಹೌದು ಎನ್ನಲು ಯಾರೂ ಇಲ್ಲ.

ಅದಕ್ಕೇ ಬರೆದೆ ಮಕ್ಕಳೇ. ಈ ಹಾಳೆಗಳನ್ನು ಒದ್ದೆಯಾಗದ ಕಡೆ ಇಡಿ, ಮನೆ ಬದಲಾಯಿಸುವಾಗ ರದ್ದಿ ಜೊತೆ ಹಾಕಿಬಿಡಬೇಡಿ.