ಅರ್ಧ ತೀರಿದ ಸಾಲ, ಪೂರ್ತಿ ಚೆಕ್ಕು

ಅವನು ವೆಲ್ಡಿಂಗ್ ಕೆಲಸದವನು. ಮಾತು ಕಡಿಮೆ. ಗೇಟು ಕೂರಿಸಿ, ತೆಗೆದು ಮುಚ್ಚಿ ನೋಡಿ, ಕಿರ್ ಎನ್ನದಿದ್ದರೆ ಮಾತ್ರ ದುಡ್ಡು ಕೇಳುತ್ತಿದ್ದ. ಕಣ್ಣು ಸದಾ ಕೆಂಪು. ಕಿಡಿ ಹಾರಿ ಅಂಗಿಯೆಲ್ಲ ತೂತು ಎಂದು ಹೆಂಡತಿ ಬೈದರೆ, "ಗಾಳಿ ಆಡ್ಲಿ ಬಿಡು" ಎನ್ನುತ್ತಿದ್ದ.

ಒಬ್ಬ ಕಂಟ್ರಾಕ್ಟರ್ ಅಂಗಡಿ ಸಾಲು ಕಟ್ಟಿಸಿದ. ಅದರ ಗೇಟು, ಕಿಟಕಿ ಗ್ರಿಲ್ಲು, ಮೆಟ್ಟಿಲ ಕಂಬಿ ಎಲ್ಲ ಇವನ ಕೈಯದೇ. ಕಂಟ್ರಾಕ್ಟರ್ ಎರಡು ಲಕ್ಷಕ್ಕೆ ಮುಂದಿನ ತಾರೀಕಿನ ಚೆಕ್ಕು ಕೊಟ್ಟ. ತಾರೀಕು ಬರುವ ಮೊದಲೇ ಇವನ ಶೆಡ್ಡಿಗೆ ಬಂದು ಒಂದು ಲಕ್ಷ ನಗದು ಕೊಟ್ಟುಹೋದ. ಊಟದ ಡಬ್ಬಿ ತಂದಿದ್ದ ಹೆಂಡತಿ ಕಣ್ಣಾರೆ ನೋಡಿದಳು. ರಸೀದಿ ಗಿಸೀದಿ ಏನಿಲ್ಲ. ಆ ಕಸುಬಿನಲ್ಲಿ ಬಾಯಿಮಾತೇ ಎಲ್ಲ.

ಉಳಿದದ್ದು ಬರಲಿಲ್ಲ. ಅವನು ಆ ಚೆಕ್ಕನ್ನೇ ಬ್ಯಾಂಕಿಗೆ ಹಾಕಿದ. ಅರ್ಧ ಬಂದಿದೆಯಲ್ಲ ಎಂದಳು ಹೆಂಡತಿ.

"ಚೆಕ್ಕನ್ನ ಕಬ್ಬಿಣದ ಥರ ಕತ್ತರಿಸೋಕಾಗುತ್ತಾ? ಪೂರ್ತಿ ಬರ್ಲಿ. ಅವನ ಲಕ್ಷ ಅವನ ಕೈಗಿಟ್ರಾಯ್ತು."

ಖಾತೆಯಲ್ಲಿ ದುಡ್ಡಿಲ್ಲವೆಂದು ಚೆಕ್ಕು ವಾಪಸು ಬಂತು. ಅರ್ಧದ ಸಂಗತಿ ವಕೀಲರು ಕೇಳಲಿಲ್ಲ, ಅವನೂ ಹೇಳಲಿಲ್ಲ. ಪೂರ್ತಿ ಮೊತ್ತಕ್ಕೆ ನೋಟಿಸು ಹೋಯಿತು, ಕೇಸು ಬಿತ್ತು. ವಾಯಿದೆಯ ಮೇಲೆ ವಾಯಿದೆ. ಸಾಕ್ಷಿ ಹೇಳುವ ಮೊದಲೇ ಅವನ ಎದೆಬಡಿತ ನಿಂತಿತು.

ಕೇಸಿನಲ್ಲಿ ಅವನ ಜಾಗದಲ್ಲಿ ಹೆಂಡತಿ ನಿಂತಳು. ಶೆಡ್ಡಿನ ಬಾಡಿಗೆ ಬಾಕಿ ಬೆಳೆದಿತ್ತು. ಮಾಲೀಕ ತೀರ್ಪಿನವರೆಗೆ ಮಾತ್ರ ತಡೆಯುತ್ತೇನೆ ಎಂದಿದ್ದ. ಗೆದ್ದರೆ ಮೈದುನ ಅಲ್ಲೇ ಕೆಲಸ ಮುಂದುವರಿಸುತ್ತಾನೆ, ಮನೆಯ ಒಲೆ ಉರಿಯುತ್ತದೆ. ಸೋತರೆ ಶೆಡ್ಡಿಲ್ಲ.

ಸಾಕ್ಷಿಯ ಹಿಂದಿನ ದಿನ ವಕೀಲರಿಗೆ ಎಲ್ಲ ಹೇಳಿದಳು. ಅವರು ಪೆನ್ನು ಕೆಳಗಿಟ್ಟರು. ಚೆಕ್ಕಿನ ಸಹಿ ಕಂಟ್ರಾಕ್ಟರನದೇ ಆದಮೇಲೆ ಸಾಲ ಇತ್ತೆಂದೇ ಕೋರ್ಟು ಹಿಡಿಯುತ್ತದೆ, ಇರಲಿಲ್ಲವೆಂದು ತೋರಿಸುವ ಹೊರೆ ಅವನದು, ಅವನ ಬಳಿ ಒಂದು ಚೀಟಿಯೂ ಇಲ್ಲ ಎಂದರು. ಚೆಕ್ಕು ಬ್ಯಾಂಕಿಗೆ ಹೋದ ದಿನ ಅಷ್ಟು ಸಾಲ ಇರಲಿಲ್ಲವೆಂದು ನೀವೇ ಒಪ್ಪಿದರೆ ಮಾತ್ರ ಕೇಸು ಮಣ್ಣುಪಾಲು. ಸುಳ್ಳು ಹೇಳಿ ಎನ್ನಲಿಲ್ಲ.

"ಗಂಡನ ವ್ಯವಹಾರ ನಂಗೊತ್ತಿಲ್ಲ ಅಂದ್ರೆ ಸಾಕಮ್ಮ."

ಮರುದಿನ ಕಟಕಟೆಯಲ್ಲಿ ನಿಂತಾಗ ಎದುರು ವಕೀಲರು ಮೆತ್ತಗೆ ಕೇಳಿದರು. ಶೆಡ್ಡಿನಲ್ಲಿ ಲಕ್ಷ ರೂಪಾಯಿ ಕೊಟ್ಟಾಗ ನೀವು ಅಲ್ಲೇ ಇದ್ದಿರಿ, ಹೌದೋ ಅಲ್ಲವೋ? ಕಂಟ್ರಾಕ್ಟರ್ ಅವಳ ಮುಖವನ್ನೇ ನೋಡುತ್ತಿದ್ದ.

"ಇದ್ದೆ. ಕೊಟ್ರು," ಎಂದಳು. "ಇನ್ನೊಂದು ಲಕ್ಷ ಕೊಟ್ಟಿಲ್ಲ. ಅದನ್ನೂ ಬರ್ಕೊಳ್ಳಿ."

ಅದನ್ನೂ ಬರೆದುಕೊಂಡರು. ತೀರ್ಪಿನಲ್ಲಿ ಕಂಟ್ರಾಕ್ಟರ್ ಬಿಡುಗಡೆಯಾದ. ಉಳಿದ ಲಕ್ಷಕ್ಕೆ ಬೇರೆ ದಾವೆ ಹೂಡುವ ಕಾಲವೂ ಮೀರಿತ್ತು. ಅವನು ಮೆಟ್ಟಿಲಿಳಿದು ಬೈಕು ಹತ್ತಿದ. ತಿರುಗಿ ನೋಡಲಿಲ್ಲ.

ಬಾಡಿಗೆ ಬಾಕಿಗೆಂದು ವೆಲ್ಡಿಂಗ್ ಮಿಷನ್ನನ್ನು ಮಾರಿದರು. ಅದನ್ನು ಹೊರಗೆ ಸಾಗಿಸುವಾಗ ಒಂದು ಕಡೆ ಮೈದುನ ಹಿಡಿದಿದ್ದ, ಇನ್ನೊಂದು ಕಡೆ ಅವಳು.

"ಗೊತ್ತಿಲ್ಲ ಅಂದಿದ್ರೆ ನಿಮ್ಮ ನಾಲಿಗೆ ಸವೀತಿತ್ತಾ ಅತ್ತಿಗೆ?"

"ನಿಮ್ಮಣ್ಣ ಆ ಜಾಗದಲ್ಲಿ ನಿಂತಿದ್ರೆ ಏನಂತಿದ್ರು?"

ಹೊಸಿಲಿದೆ, ಕಾಲು ನೋಡಿ ಇಡಿ ಎಂದ ಮೈದುನ. ಇಬ್ಬರೂ ಸೇರಿ ಮಿಷನ್ನನ್ನು ಗಾಡಿಗೆ ಏರಿಸಿದರು.