ಸಿರ್ಕುವಿನ ಆರು ಗಂಟೆಯ ಪಟ್ಟಿ

ಸಿರ್ಕು ಲೆಹ್ಟಿಮಾಕಿ ಫಿನ್‌ಲ್ಯಾಂಡಿನ ಟಾಂಪೆರೆ ಊರಿನ ಒಂದು ಅಡುಗೆಮನೆಯಲ್ಲಿ ಹತ್ತೊಂಬತ್ತು ವರ್ಷ ಸೌಟು ಹಿಡಿದವಳು. ಒಂಟಿಯಾಗಿರುವ ಮುದುಕರ ಮನೆಗೆ ಮಧ್ಯಾಹ್ನದ ಊಟ ಕಳಿಸುವ ಅಡುಗೆಮನೆ ಅದು. ಮೊಣಕಾಲು ಕೈಕೊಟ್ಟ ಮೇಲೆ ಅವಳನ್ನು ಮೇಲಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿದರು. ಅಲ್ಲಿ ಉರ್ಹೊ ಎನ್ನುವವನು ಬರೆದ ಒಂದು ಪ್ರೋಗ್ರಾಂ ಇತ್ತು. ಯಾರು ಆಸ್ಪತ್ರೆ ಸೇರಿದರು, ಯಾರು ಮನೆಗೆ ಬಂದರು, ಯಾರಿಗೆ ಉಪ್ಪು ಕೂಡದು, ಯಾರಿಗೆ ಮೀನು ಕೂಡದು, ಇಂಥ ಬದಲಾವಣೆಗಳನ್ನೆಲ್ಲ ಬೆಳಿಗ್ಗೆ ಆರಕ್ಕೆ ಸರಿಯಾಗಿ ಆರು ಜನ ಡ್ರೈವರುಗಳ ಫೋನಿಗೆ ತಾನಾಗಿ ಕಳಿಸುವುದು ಅದರ ಕೆಲಸ.

ಉರ್ಹೊ ನಿವೃತ್ತನಾಗಿ ಹೋಗುವ ದಿನ ಅದನ್ನು ಅವಳ ಕೈಗೆ ಕೊಟ್ಟ. ಇದು ಲಿಸ್ಪ್ ಅನ್ನುವ ಹಳೆಯ ಕಂಪ್ಯೂಟರ್ ಭಾಷೆಯ ಮನೆತನದ್ದು, ಬ್ರಾಕೆಟ್ಟುಗಳನ್ನು ನೋಡಿ ಹೆದರಬೇಡ, ತೆರೆದದ್ದನ್ನು ಮುಚ್ಚಿದರೆ ಆಯಿತು ಅಂದ. ಜೀವಮಾನವೆಲ್ಲ ಪಾತ್ರೆಗೆ ಮುಚ್ಚಳ ಹುಡುಕಿದವಳಿಗೆ ಅಷ್ಟು ಅರ್ಥವಾಯಿತು. ಆಗ ಅವಳಿಗೆ ಐವತ್ತೊಂದು. ದಿನಕ್ಕೆ ಒಂದು ಸಾಲಿನಂತೆ ಉರ್ಹೊವಿನ ಪ್ರೋಗ್ರಾಮನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಪಕ್ಕದಲ್ಲಿ ತನ್ನ ಮಾತಿನಲ್ಲಿ ಅರ್ಥ ಬರೆದುಕೊಂಡಳು. ಹಾಗೆ ಎರಡು ಚಳಿಗಾಲ ಕಳೆದಳು.

ತಿಳಿಯದ್ದನ್ನು ಕೇಳುವುದಕ್ಕೆ ಒಂದು ಗುಂಪಿತ್ತು. ಎರಡು ವಾರಕ್ಕೊಮ್ಮೆ ಗುರುವಾರ ಐದು ಗಂಟೆಗೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸೇರುತ್ತಿದ್ದರು. ಒಂದು ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ, ಸಿರ್ಕು ತರುವ ಏಲಕ್ಕಿ ಬನ್ನು. ತಪ್ಪದೆ ಬರುವವರು ಇಬ್ಬರು. ಯಲ್ಮಾರಿ ತಾಂತ್ರಿಕ ಕಾಲೇಜಿನ ಮೇಷ್ಟ್ರು. ಏನು ಕೇಳಿದರೂ ಐವತ್ತು ವರ್ಷ ಹಿಂದಕ್ಕೆ ಹೋಗಿ ಅಲ್ಲಿಂದ ನಡೆದುಕೊಂಡು ಬರುತ್ತಿದ್ದ. ಓಟ್ಸೊಗೆ ಮೂವತ್ತೊಂದು. ಅವನ ಕಣ್ಣಿಗೆ ಯಾವ ಸಾಲೂ ಇನ್ನಷ್ಟು ಚಿಕ್ಕದಾಗಬಹುದಿತ್ತು. ಇಬ್ಬರೂ ಒಳ್ಳೆಯವರೇ. ಆದರೆ ಬಾಗಿಲು ಎಲ್ಲಿದೆ ಅಂತ ಕೇಳಿದರೆ, ಈ ಮನೆಯನ್ನು ಬೀಳಿಸಿ ಬೇರೆ ಕಟ್ಟೋಣ ಅನ್ನುವ ಪೈಕಿ.

ಡ್ರೈವರುಗಳಿಗೆ ಸಂದೇಶ ಕಳಿಸುವ ಉರ್ಹೊವಿನ ಸಾಲು ಒಮ್ಮೆ ಓಟ್ಸೊನ ಕಣ್ಣಿಗೆ ಬಿತ್ತು. ಒಬ್ಬೊಬ್ಬ ಡ್ರೈವರನ್ನೂ ತೆಗೆದುಕೊ, ಕಳಿಸು, ಅಷ್ಟೇ ಇತ್ತು ಅದರಲ್ಲಿ. ಇದೇನು, ಕಾಡಿನಿಂದ ದಿಮ್ಮಿ ಎಳೆದ ಹಾಗಿದೆ ಅಂತ ನಕ್ಕು, ಅದರ ಜಾಗಕ್ಕೆ ಒಂದು ಚೆಂದದ ಸಾಲು ಬರೆದುಕೊಟ್ಟ. ಅದು ಕೂರಲಿ ಅಂತ ಮೇಲೆ ಕೆಳಗೆ ಹನ್ನೆರಡು ಕಡೆ ತಿದ್ದಿಸಿದ. ನಿಜ ಹೇಳಬೇಕೆಂದರೆ ಸಿರ್ಕುಗೂ ಆ ಸಾಲು ಇಷ್ಟವಾಯಿತು. ತನ್ನ ಫೋನಿಗೇ ಎರಡು ಸಲ ಕಳಿಸಿ ನೋಡಿದಳು, ಎರಡು ಸಲವೂ ಬಂತು. ಸೋಮವಾರ ಸಂಜೆ ಹೊಸದನ್ನು ಕೂರಿಸಿ ಮನೆಗೆ ಹೋದಳು.

ಮಂಗಳವಾರ ಬೆಳಿಗ್ಗೆ ಯಾರಿಗೂ ಸಂದೇಶ ಹೋಗಲಿಲ್ಲ. ಬದಲಾವಣೆ ಇಲ್ಲದ ದಿನವೂ ಇರುತ್ತದೆ, ಡ್ರೈವರುಗಳು ಹಿಂದಿನ ದಿನದ ಪಟ್ಟಿಯಂತೆ ಹೋಗಿಬಂದರು. ಆದರೆ ಆವತ್ತು ಬದಲಾವಣೆ ಇತ್ತು. ಸೊಂಟದ ಮೂಳೆ ಮುರಿದುಕೊಂಡಿದ್ದ ಆಟೊಸ್ ಎನ್ನುವ ಮುದುಕ ಆಸ್ಪತ್ರೆಯಿಂದ ಮನೆಗೆ ಬಂದಿದ್ದ. ಹನ್ನೊಂದು ಗಂಟೆಗೆ ಮೇಜಿನ ಮೇಲೆ ಚಮಚ ಇಟ್ಟುಕೊಂಡು ಕಿಟಕಿಯ ಹತ್ತಿರ ಕೂತವನು ಐದರ ತನಕ ಹಾಗೇ ಕೂತಿದ್ದ. ಫೋನ್ ಮಾಡಿದರೆ ಅವರಿಗೆ ತೊಂದರೆ ಅಂತ ಮಾಡಿರಲಿಲ್ಲ. ಮಾಡಿದ್ದು ನೆರೆಮನೆಯವಳು.

ಅಡುಗೆಮನೆಯ ಮುಖ್ಯಸ್ಥೆ ಮಾರ್ಕೆಟ್ಟಾ ಕೂಗಾಡುವ ಹೆಂಗಸಲ್ಲ. ಶುಕ್ರವಾರದವರೆಗೆ ನೋಡೋಣ ಅಂದಳು. ಶುಕ್ರವಾರ ಬೆಳಿಗ್ಗೆ ಆರಕ್ಕೆ ಸಂದೇಶ ತಾನಾಗಿ ಹೋದರೆ ಸರಿ, ಸಿರ್ಕು ಕೈಯಾರೆ ಕಳಿಸಿದರೆ ಅದು ಲೆಕ್ಕಕ್ಕಿಲ್ಲ. ಹೋಗದಿದ್ದರೆ ವಾರಕ್ಕೊಂದು ಅಚ್ಚಾದ ಪಟ್ಟಿ. ಅಂದರೆ ಮಂಗಳವಾರ ಮನೆಗೆ ಬಂದ ಆಟೊಸ್‌ನಂಥವನು ಊಟಕ್ಕೆ ಮುಂದಿನ ಸೋಮವಾರದವರೆಗೆ ಕಾಯಬೇಕು.

ಸಿರ್ಕು ಫೋನಿನಲ್ಲೇ ಗುಂಪಿಗೆ ಬರೆದು ಕೇಳಿದಳು. ನನ್ನ ಯಂತ್ರದಲ್ಲಿ ಓಡುತ್ತಿದೆಯಲ್ಲ, ಅಂತ ಓಟ್ಸೊ ಬರೆದ. ಯಲ್ಮಾರಿಯೂ ಓಡಿಸಿ ನೋಡಿ ಅದನ್ನೇ ಬರೆದ, ಜೊತೆಗೆ ಒಂದು ಪುಟ ಇತಿಹಾಸ. ಅವಳೂ ಓಡಿಸಿದಳು, ಓಡಿತು. ಬುಧವಾರ ಬೆಳಿಗ್ಗೆ ಮತ್ತೆ ಓಡಲಿಲ್ಲ. ಗುರುವಾರವೂ ಇಲ್ಲ. ಎರಡು ದಿನವೂ ಬೆಳಗಾಗುವ ಮೊದಲೇ ಬಂದು ಆರು ಜನರಿಗೂ ಕೈಯಾರೆ ಕಳಿಸಿದಳು. ಹಳೆಯ ಸಾಲನ್ನೇ ವಾಪಸು ಹಾಕೋಣ ಅಂದರೆ, ಆ ಹನ್ನೆರಡು ತಿದ್ದುಪಡಿಗಳ ನಡುವೆ ಅದು ಕೂರಲೊಲ್ಲದು.

ಗುರುವಾರ ಐದಕ್ಕೆ ತನ್ನ ಲ್ಯಾಪ್‌ಟಾಪನ್ನು ಗ್ರಂಥಾಲಯದ ಮೇಜಿನ ಮೇಲಿಟ್ಟಳು. ಬನ್ನು ತಂದಿರಲಿಲ್ಲ. ಯಲ್ಮಾರಿ ಖಾಲಿ ತಟ್ಟೆಯನ್ನು ನೋಡಿ ಲೋಟಕ್ಕೆ ಕಾಫಿ ಬಗ್ಗಿಸಿಕೊಂಡ.

ಓಟ್ಸೊ ಆ ಸಾಲನ್ನು ಓಡಿಸಿದ, ಸಂದೇಶ ಅವಳ ಫೋನಿಗೆ ಬಂತು. ನಿಜವಾದ ಸನ್ನಿವೇಶದಲ್ಲಿ ನೋಡಬೇಕು ಅಂತ, ಅವಳ ನಂಬರು ತೆಗೆದು ಡ್ರೈವರುಗಳ ಪಟ್ಟಿಯನ್ನೇ ಹಾಕಿ ಓಡಿಸಿದ. ಯಲ್ಮಾರಿ ಒಂದು ಪದ ಬದಲಾಯಿಸಿ ಓಡಿಸಿದ. ಓಟ್ಸೊ ಆ ಪದವನ್ನು ಹಿಂದಕ್ಕೆ ತಂದು, ಇನ್ನೂ ಎರಡು ಬ್ರಾಕೆಟ್ಟು ಉಳಿಸಬಹುದು ಅಂತ ಉಳಿಸಿ ಓಡಿಸಿದ. ಯಾವುದು ಚೆಂದ ಅಂತ ಇಬ್ಬರಿಗೂ ವಾದ ಹತ್ತಿತು. ವಾದದ ನಡುವೆ ಒಬ್ಬೊಬ್ಬರೂ ಎರಡೆರಡು ಸಲ ಮತ್ತೆ ಓಡಿಸಿದರು. ಸಂಜೆ ಆರಾಯಿತು. ಬೆಳಗಿನ ಆರಕ್ಕೆ ಇನ್ನು ಹನ್ನೆರಡು ಗಂಟೆ.

ಆಗ ಅವಳ ಫೋನು ಬಡಿದುಕೊಂಡಿತು. ಡ್ರೈವರು ಪೆಂಟ್ಟಿ.

"ಸಿರ್ಕು, ಆಟೊಸ್‌ಗೆ ಉಪ್ಪಿಲ್ಲದ ಊಟ ಅಂತ ಏಳು ಸಲ ಕಳಿಸಿದ್ದೀಯ. ನಾನು ಸೌನಾದ ಹಬೆಯಲ್ಲಿ ಕೂತಿದ್ದೀನಿ ಮಾರಾಯ್ತಿ. ಮಂಗಳವಾರ ಬೆಳಿಗ್ಗೆ ಬೇಕಾದಾಗ ಒಂದೂ ಇಲ್ಲ, ಈಗ ನೋಡಿದರೆ ಏಳು."

ತಪ್ಪಾಯಿತು ಅಂತ ಫೋನಿಟ್ಟಳು. ಕೈ ಮೇಜಿನ ಮೇಲೆಯೇ ಉಳಿಯಿತು. ಏಳು. ಗಡಿಯಾರ ನೋಡಿದಳು, ಪರದೆ ನೋಡಿದಳು, ಇವರಿಬ್ಬರ ಮುಖ ನೋಡಿದಳು. ಅವರು ಇನ್ನೂ ಆ ಎರಡು ಬ್ರಾಕೆಟ್ಟಿನ ಮೇಲೇ ಇದ್ದರು.

"ನೀವಿಬ್ಬರೂ ಸ್ವಲ್ಪ ಸುಮ್ಮನಿರಿ," ಅಂದಳು. ಗುಂಪಿಗೆ ಬರತೊಡಗಿದ ಏಳು ವರ್ಷದಲ್ಲಿ ಅವಳು ಆ ಕೋಣೆಯಲ್ಲಿ ಹಾಗೆ ಮಾತಾಡಿದ್ದು ಅದೇ ಮೊದಲು. "ನಾವು ಕೂತು ನೋಡ್ತಾ ಓಡಿಸಿದರೆ ಪ್ರತಿ ಸಲವೂ ಹೋಗುತ್ತೆ. ಬೆಳಿಗ್ಗೆ ಆರಕ್ಕೆ ಇದರ ಮುಂದೆ ಯಾರು ಕೂತಿರ್ತಾರೆ?"

ಯಾರೂ ಇರಲ್ಲ, ಅಂದ ಓಟ್ಸೊ. ಅಂದವನ ಕಿವಿಯ ತುದಿ ಕೆಂಪಾಯಿತು.

ಯಲ್ಮಾರಿ ಲೋಟ ಕೆಳಗಿಟ್ಟು ಹಣೆಗೆ ಕೈ ಹಚ್ಚಿದ. ಆ ಭಾಷೆಗೆ ಒಂದು ಸೋಮಾರಿತನ ಇದೆ, ಅದನ್ನು ಪ್ರೋಗ್ರಾಂ ಬರೆಯುವವರೆಲ್ಲ ಗುಣ ಅನ್ನುತ್ತಾರೆ. ಅಂಥ ಚೆಂದದ ಸಾಲು ಬರೆದರೆ, ಫಲ ಎಲ್ಲಿ ಅಂತ ಯಾರಾದರೂ ಕೇಳುವ ತನಕ ಅದು ಕೆಲಸ ಮುಟ್ಟುವುದಿಲ್ಲ. ಮನುಷ್ಯ ಮುಂದೆ ಕೂತು ಓಡಿಸಿದಾಗ ಫಲವನ್ನು ಪರದೆಗೆ ತೋರಿಸಬೇಕು, ಹಾಗಾಗಿ ಮಾಡುತ್ತದೆ. ಆರು ಗಂಟೆಗೆ ಕೇಳುವವರಿಲ್ಲ, ಕೈಕಟ್ಟಿ ಕೂರುತ್ತದೆ.

"ಇದು ನಾನು ಮೊದಲನೇ ವಾರ ಹೇಳಿಕೊಡೋ ಪಾಠ," ಅಂದ ಯಲ್ಮಾರಿ.

"ನನಗೆ ಹೇಳಿಕೊಡಲಿಲ್ಲವಲ್ಲ ನೀನು," ಅಂದಳು ಸಿರ್ಕು. "ನನಗೆ ಇತಿಹಾಸ ಹೇಳಿಕೊಟ್ಟೆ."

ಬೇಕಾಗಿದ್ದದ್ದು ಒಂದು ಪದ, ಈಗಲೇ ಮಾಡಿ ಮುಗಿಸು ಅನ್ನುವ ಪದ. ನೋಟ್‌ಬುಕ್ ತೆಗೆದು ಉರ್ಹೊವಿನ ಹಳೆಯ ಸಾಲಿಗೆ ಹೋದಳು. ಆ ಸಾಲಿನ ಮೊದಲ ಪದವೇ ಅದು. ಅದರ ಪಕ್ಕದಲ್ಲಿ ಅವಳ ಕೈಬರಹದಲ್ಲೇ ಇತ್ತು: ಕಾಯುವುದಿಲ್ಲ. ಬರೆದವಳು ತಾನೇ, ಓದದೆ ಬಿಟ್ಟವಳೂ ತಾನೇ. ಆ ಸಿಟ್ಟನ್ನು ಯಾರ ಮೇಲೂ ಹಾಕುವ ಹಾಗಿರಲಿಲ್ಲ.

ಇವರಿಬ್ಬರೂ ನೋಡುತ್ತಿರುವಾಗ ಆ ಪದ ಸೇರಿಸಿ, ಅದಕ್ಕೆ ತಕ್ಕ ಹಾಗೆ ಸಾಲನ್ನು ಹೊಂದಿಸಿ, ಬ್ರಾಕೆಟ್ಟುಗಳನ್ನು ಬೆರಳಿಟ್ಟು ಎಣಿಸಿ ಮುಚ್ಚಿ, ಅಲ್ಲಿಂದಲೇ ಅಡುಗೆಮನೆಯ ಕಂಪ್ಯೂಟರಿನಲ್ಲಿ ಕೂರಿಸಿದಳು. ಒಮ್ಮೆ ಓಡಿಸಿ ನೋಡಲ್ವಾ, ಅಂತ ಓಟ್ಸೊ ಕೈ ಚಾಚಿದ.

"ಬೇಡ. ನೋಡಿದರೆ ಓಡುತ್ತೆ ಅಂತ ಈಗ ತಾನೆ ಗೊತ್ತಾಯಿತಲ್ಲ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಬಾಗಿಲ ಹತ್ತಿರ ಕೋಟು ಹಾಕಿಕೊಳ್ಳುವಾಗ, ಆ ಸಾಲು ನನ್ನದು, ತಪ್ಪು ನನ್ನದು ಅಂತ ಗೋಡೆಗೆ ಹೇಳಿದ ಹಾಗೆ ಹೇಳಿದ. ಸಿರ್ಕು ತಲೆಯಾಡಿಸಿದಳು.

ಶುಕ್ರವಾರ ಬೆಳಿಗ್ಗೆ ಐದೂಮುಕ್ಕಾಲಕ್ಕೆ ತನ್ನ ಮನೆಯ ಅಡುಗೆಮೇಜಿನ ಮುಂದೆ ಕೂತಿದ್ದಳು. ಲ್ಯಾಪ್‌ಟಾಪು ಮುಚ್ಚಿತ್ತು, ಮೇಲೆ ಬ್ರೆಡ್ಡು ಮುಚ್ಚುವ ಬಟ್ಟೆ ಹೊದಿಸಿದ್ದಳು. ತೆರೆದರೆ ಕೈ ಸುಮ್ಮನಿರುವುದಿಲ್ಲ, ಅದು ಅವಳಿಗೆ ಗೊತ್ತು. ಫೋನಿನಲ್ಲಿ ಗುಂಪಿನಿಂದ ನಲವತ್ತಾರು ಹೊಸ ಸಂದೇಶ ಬಂದಿದ್ದವು. ಅವಳು ಸೇರಿಸಿದ ಪದಕ್ಕಿಂತ ಚೆಂದದ ಪದ ಯಾವುದು ಅಂತ ಯಲ್ಮಾರಿಯೂ ಓಟ್ಸೊನೂ ವಾದ ಮಾಡಿದ್ದರು. ಒಂದನ್ನೂ ತೆರೆಯಲಿಲ್ಲ. ಕಾಫಿ ಆರಿತು. ಆರು ಹೊಡೆಯಿತು. ಆರು ದಾಟಿ ಒಂದು ನಿಮಿಷ, ಎರಡು, ಮೂರು.

ಆರೂನಾಲ್ಕಕ್ಕೆ ಪೆಂಟ್ಟಿ ಬರೆದ: "ಈವತ್ತು ಒಂದೇ ಬಂತು. ಮಿಕ್ಕ ಆರು ಎಲ್ಲಿ?"

ಅದನ್ನು ಹಾಗೇ ಮಾರ್ಕೆಟ್ಟಾಗೆ ಕಳಿಸಿ, ಸಿರ್ಕು ಎದ್ದು ಹಿಟ್ಟಿನ ಡಬ್ಬಿ ಇಳಿಸಿದಳು. ಎರಡು ವಾರ ಬಿಟ್ಟು ಮತ್ತೆ ಗುರುವಾರ ಬರುತ್ತದೆ, ಬನ್ನಿಗೆ ಇನ್ನೂ ಅವಸರವಿಲ್ಲ. ಇವತ್ತು ಮಾಡುವುದು ಆಟೊಸ್‌ಗೆ.