ಪೂಜೆಗಿಟ್ಟ ಸ್ಪ್ಯಾನರ್

ಆ ಕ್ಲಾಂಪುಗಳನ್ನು ನಾನು ಎರಡನೇ ಸಲ ಬಿಗಿ ಮಾಡಿರಲಿಲ್ಲ, ಸುಧಾಕರ. ಮಾಡಿದ್ದೇನೆ ಎಂದು ನಿನಗೆ ಹೇಳಿದೆ. ಪುಸ್ತಕದಲ್ಲಿ ಬರೆದು ಸಹಿಯನ್ನೂ ಹಾಕಿದೆ. ಬಾಬಣ್ಣನ ದವಡೆ ಮುರಿದದ್ದು ನಿನ್ನ ಲೆಕ್ಕ ತಪ್ಪಿದ್ದರಿಂದಲ್ಲ. ನೀನು ಎಂಜಿನಿಯರ್ ಕೆಲಸ ಬಿಟ್ಟು, ಇಪ್ಪತ್ತೈದನೇ ವಯಸ್ಸಿಗೆ ಮತ್ತೆ ಕಾಲೇಜು ಸೇರಿ, ಹಲ್ಲು ನೇರ ಮಾಡುವ ಡಾಕ್ಟರಾದೆಯಲ್ಲ — ಆ ದಾರಿ ಶುರುವಾದದ್ದು ನನ್ನ ಒಂದು ಸುಳ್ಳಿನಿಂದ.

  

ತೊಂಬತ್ತೇಳರ ನವರಾತ್ರಿ. ಹಂಗಾರಕಟ್ಟೆಯ ಯಾರ್ಡಿನಲ್ಲಿ ಮೀನುಗಾರಿಕೆಯ ಬೋಟು ಕಟ್ಟುತ್ತಿದ್ದೆವು. ನೀನು ಮೆಕ್ಯಾನಿಕಲ್ ಎಂಜಿನಿಯರ್. ನಾನು ವಂಡ್ಸೆಯಿಂದ ಬಂದ ಬಿ.ಎಸ್ಸಿ., ನಿನ್ನ ಕೈಕೆಳಗಿನ ಸೂಪರ್‌ವೈಸರ್. ವಯಸ್ಸು ಒಂದೇ ಆದ್ದರಿಂದ ಮೊದಲ ದಿನವೇ ಏಕವಚನ. ಹೊಸ ಬೋಟಿನ ಮಾಲೀಕರು ವಿಜಯದಶಮಿಯ ಬೆಳಿಗ್ಗೆಯೇ ಅದು ನೀರಿಗಿಳಿಯಬೇಕೆಂದು ಹಟ ಹಿಡಿದಿದ್ದರು. ದಶಮಿಯ ಉಬ್ಬರ ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರದಷ್ಟು ಏರುವುದಿಲ್ಲ. ನೀರು ಬೋಟಿನವರೆಗೆ ಬರದಿದ್ದರೆ ಬೋಟೇ ನೀರಿನವರೆಗೆ ಹೋಗಬೇಕು — ಇಳಿಜಾರಿನಲ್ಲಿ ಇನ್ನೂ ಕೆಳಗಿನವರೆಗೆ, ವಿಂಚಿನ ರಾಟೆಗೆ ಕಟ್ಟಿದ ಉಕ್ಕಿನ ಹಗ್ಗದಲ್ಲಿ ಹಿಡಿದು ಹಿಡಿದು ಬಿಡಬೇಕು. ಆ ಹಗ್ಗದ ತುದಿಯನ್ನು ಮಡಚಿ, ಕುಣಿಕೆ ಮಾಡಿ, ಅದು ಬಿಚ್ಚದಂತೆ ನಾಲ್ಕು ಕ್ಲಾಂಪ್ ಹಾಕಿದ್ದು ನಿನ್ನ ಲೆಕ್ಕ.

ಹಿಂದಿನ ದಿನ, ನವಮಿಯಂದು, ನೀನು ವಿಂಚ್ ತಿರುಗಿಸಿ ಬೋಟಿನ ಭಾರವನ್ನು ಒಮ್ಮೆ ಹಗ್ಗದ ಮೇಲೆ ಹಾಕಿ ನೋಡಿದೆ. ಆಮೇಲೆ ಏನೋ ಒಂದು ಕೊಂಡಿ ತರಲು ಬ್ರಹ್ಮಾವರಕ್ಕೆ ಹೊರಟೆ. ಬಸ್ಸಿಗೆ ಓಡುವ ಮೊದಲು ಹೇಳಿದೆ —

"ಮಂಜು, ಊಟ ಮಾಡ್ಕಂಡ್ ನಾಲ್ಕೂ ಕ್ಲಾಂಪ್ ಮತ್ತೊಂದ್ ಸಲ ಬಿಗಿ ಮಾಡ್. ಭಾರ ಬಿದ್ದ್ ಮೇಲೆ ಹಗ್ಗ ಸಪೂರ ಆತ್ತ್, ಕ್ಲಾಂಪ್ ಸಡ್ಲ ಆತ್ತ್. ಮರಿಬೇಡ ಮಾರಾಯ."

"ಹೋಗ್ ನೀ, ಬಸ್ ತಪ್ಪತ್ತ್" ಎಂದೆ.

ಮರೆಯಲಿಲ್ಲ. ಮರೆತಿದ್ದರೆ ಅದನ್ನು ಹೇಳಿಕೊಳ್ಳುವುದು ಎಷ್ಟು ಸುಲಭವಿತ್ತು — ಮರೆಯಲಿಲ್ಲ. ಊಟ ಮಾಡಿ, ನೆರಳಲ್ಲಿ ಸ್ವಲ್ಪ ಹೊತ್ತು ಕಾಲು ಚಾಚಿ, ಎದ್ದು ಹೋದಾಗ ಶೆಡ್ಡಿನಲ್ಲಿ ಆಯುಧಪೂಜೆಗೆ ಎಲ್ಲ ಸಜ್ಜಾಗಿತ್ತು. ಬಾಳೆಲೆಯ ಮೇಲೆ ಉಳಿ, ಬಾಚಿ, ಗರಗಸ, ಬೈರಿಗೆ. ಅವುಗಳ ನಡುವೆ ನಮ್ಮ ದೊಡ್ಡ ಸ್ಪ್ಯಾನರ್, ಹಿಡಿಗೆ ಗಂಧ, ಮೇಲೊಂದು ಸೇವಂತಿಗೆ. ಕ್ಲಾಂಪಿನ ನಟ್ಟಿಗೆ ಕೂರುವುದು ಅದೊಂದೇ.

ನಾನು ಕೈ ಚಾಚಿದ್ದನ್ನು ಬಡಗಿಗಳ ಮೇಸ್ತ್ರಿ ನೋಡಿದರು.

"ಹ್ವಾಯ್, ಅದ್ನ್ ಮುಟ್ಟುಕಾಗ. ಪೂಜಿಗಿಟ್ಟಾಯ್ತ್. ನಾಳೆ ಬೆಳಿಗ್ಗೆ ಮಂಗಳಾರತಿ ಆದ್ ಮೇಲೆ ತೆಗಿನಿ."

"ಕ್ಲಾಂಪ್ ಬಿಗಿ ಮಾಡುಕಿತ್ತ್ ಮೇಸ್ತ್ರೇ."

"ಅದ್ಕ್ ಮುಂಚೆ ನೆನಪಾಯ್ಲಿಲ್ಯಾ? ಬಿ.ಎಸ್ಸಿ. ಓದಿದವ್ರಿಗ್ ಊಟ ಆದ್ ಮೇಲೇ ಎಲ್ಲ ನೆನಪಾಪ್ದ್."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಪೂಜೆಗಿಟ್ಟ ಹತಾರವನ್ನು ನಮ್ಮ ಮನೆಯಲ್ಲೂ ಮುಟ್ಟುವುದಿಲ್ಲ. ಬ್ರಹ್ಮಾವರದಿಂದ ಇನ್ನೊಂದು ಸ್ಪ್ಯಾನರ್ ತಾ ಎಂದು ನೀನು ಹೋದ ಅಂಗಡಿಗೆ ಫೋನ್ ಮಾಡಿ ಹೇಳಬಹುದಿತ್ತು. ಬೆಳಿಗ್ಗೆ ಮಾಡಿದರಾಯಿತು ಎಂದುಕೊಂಡೆ. ಆದರೆ ಪುಸ್ತಕದಲ್ಲಿ ಆ ದಿನದ ಕೆಲಸ ಬರೆಯುವಾಗ "ಎರಡನೇ ಬಿಗಿ ಆಯಿತು" ಎಂದು ಬರೆದೆ. ಯಾಕೆ ಬರೆದೆ? ಬೆಳಿಗ್ಗೆ ಹೇಗೂ ಮಾಡುವವನಿದ್ದೆನಲ್ಲ, ಆ ಒಂದು ಸಾಲಿಗಾಗಿ ಪುಸ್ತಕ ತೆರೆದಿಡುವುದೇಕೆ ಎಂದು — ಅಷ್ಟೇ ಇರಬೇಕು. ಇದಕ್ಕಿಂತ ದೊಡ್ಡ ಕಾರಣವನ್ನು ಹುಡುಕಿದ್ದೇನೆ. ಸಿಕ್ಕಿಲ್ಲ.

ಬೆಳಿಗ್ಗೆ ಆರಕ್ಕೆ ನೀನು ಬಂದೆ. ಬೋಟಿಗೆ ಹೂವಿನ ಮಾಲೆ, ಮಾಲೀಕರ ಕಡೆಯ ಹೆಂಗಸರು ಮಕ್ಕಳು, ಶಂಖ, ಗದ್ದಲ. ನೀನು ವಿಂಚಿನ ಬಳಿಯಿಂದಲೇ ಕೂಗಿ ಕೇಳಿದೆ —

"ಬಿಗಿ ಮಾಡ್ದ್ಯಾ?"

"ಮಾಡಿದೆ" ಎಂದೆ.

ನೀನು ತಲೆಯಾಡಿಸಿ ಬೇರೆ ಕೆಲಸಕ್ಕೆ ತಿರುಗಿದೆ. ಇನ್ನೊಂದು ಸಲ ಕೇಳಲಿಲ್ಲ. ಬಂದು ಮುಟ್ಟಿಯೂ ನೋಡಲಿಲ್ಲ. ನನ್ನ ಮೇಲೆ ನಿನಗೆ ಅಷ್ಟು ನಂಬಿಕೆ ಇದೆಯೆಂದು ನನಗೇ ಆಗ ಗೊತ್ತಾದದ್ದು.

ಈಗ ಬರೆಯುವುದನ್ನು ನಾನು ಯಾರಿಗೂ ಹೇಳಿಲ್ಲ. ಮಂಗಳಾರತಿ ಆಯಿತು. ಹತಾರಗಳನ್ನು ಪೂಜೆಯಿಂದ ತೆಗೆದರು. ಬೋಟು ಬಿಡಲು ಇನ್ನೂ ಸುಮಾರು ಅರ್ಧ ಗಂಟೆ ಇತ್ತು. ನಾನು ಆ ಸ್ಪ್ಯಾನರನ್ನು ಕೈಗೆ ತೆಗೆದುಕೊಂಡೆ. ಹಿಡಿಯ ಮೇಲಿನ ಗಂಧ ಇನ್ನೂ ಹಸಿಯಿತ್ತು. ಕ್ಲಾಂಪಿನ ಕಡೆಗೆ ಹತ್ತು ಹೆಜ್ಜೆ ಹೋಗಿರಬಹುದು — ನೀನು ಅಲ್ಲೇ ನಿಂತಿದ್ದೆ, ಮಾಲೀಕರಿಗೆ ಹಗ್ಗ ತೋರಿಸಿ ಏನೋ ವಿವರಿಸುತ್ತಿದ್ದೆ. ಈಗ ಹೋಗಿ ಬಿಗಿ ಮಾಡಿದರೆ, ಆಗ ಮಾಡಿದೆ ಎಂದದ್ದು ಸುಳ್ಳೆಂದು ನಿನಗೆ ತಿಳಿಯುತ್ತದೆ. ಅಷ್ಟು ಜನರೆದುರು. ಮೇಸ್ತ್ರಿ ಮತ್ತೆ ಏನಾದರೂ ಅಂದರೆ, ಎಲ್ಲರೂ ಮತ್ತೆ ನಕ್ಕರೆ... ನಾನು ಸ್ಪ್ಯಾನರನ್ನು ಶೆಡ್ಡಿನಲ್ಲಿಟ್ಟು ಬಂದೆ.

ಹಾಗಾಗಿ ತಪ್ಪನ್ನು ಪೂಜೆಯ ಮೇಲೆ ಹಾಕುವಂತಿಲ್ಲ. ಸ್ಪ್ಯಾನರ್ ನನ್ನ ಕೈಯಲ್ಲಿತ್ತು.

ಬೋಟು ಅರ್ಧ ದಾರಿ ಇಳಿದಿತ್ತು. ನಾನು ಇಳಿಜಾರಿನ ಪಕ್ಕ, ಹಗ್ಗಕ್ಕೆ ಹತ್ತಿರ ನಿಂತಿದ್ದೆ. ಬಾಬಣ್ಣ ಬೋಟಿನಡಿ ಹಾಸುವ ಹಲಗೆಗಳಿಗೆ ಮೀನೆಣ್ಣೆ ಹಚ್ಚುತ್ತಾ ಬಂದ. ಹಂಗಾರಕಟ್ಟೆಯವನೇ, ಐವತ್ತರ ಹತ್ತಿರದವ, ಬೋಟು ಎಳೆಯುವ ತಂಡದಲ್ಲಿ ಹಳಬ.

"ಚೂರ್ ಆಚಿಗ್ ನಿಲ್ಲಿ ಹೊಸ ಅಂಗಿಯವ್ರೇ. ಎಣ್ಣಿ ತಾಗಿರೆ ಮನ್ಯಂಗೆ ಒಳ್ಗ್ ಸೇರ್ಸುದಿಲ್ಲೆ."

ನಾನು ಎರಡು ಹೆಜ್ಜೆ ಆಚೆ ಹೋದೆ. ನಾನಿದ್ದ ಜಾಗದಲ್ಲಿ ಅವನು ಬಗ್ಗಿದ.

ಸದ್ದು ದೊಡ್ಡದಾಗಿರಲಿಲ್ಲ. ಹಗ್ಗ ಕ್ಲಾಂಪುಗಳೊಳಗೆ ಜಾರುವ ಕಿರ್ ಎಂಬ ಸದ್ದು, ಮತ್ತೆ ಗಾಳಿ ಸೀಳಿದ ಹಾಗೆ ಏನೋ ನನ್ನ ಕಿವಿಯ ಪಕ್ಕದಿಂದ — ಅದು ಕಣ್ಣಿಗೆ ಕಂಡದ್ದಲ್ಲ, ಕೆನ್ನೆಗೆ ತಾಗಿದ ಗಾಳಿ ಮಾತ್ರ. ಬೋಟು ಓರೆಯಾಗಿ ಕೆಸರಿಗೆ ಹೋಗಿ ನಿಂತಿತು. ಹಗ್ಗದ ತುದಿ ಬಡಿದ ಬಾಬಣ್ಣ ಕೂತಿದ್ದ. ಬಿದ್ದಿರಲಿಲ್ಲ, ಕೂತಿದ್ದ, ಕೆಳದವಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕೆಳಗಿಟ್ಟರೆ ಚೆಲ್ಲೀತು ಎಂಬ ಹಾಗೆ. ಈಗಲೂ ಸ್ನಾನ ಮಾಡುವಾಗ, ಬಸ್ಸಿನಲ್ಲಿ, ಅಂಗಡಿಯಲ್ಲಿ ಬಣ್ಣದ ಡಬ್ಬಿ ಎಣಿಸುವಾಗ ಆ ಎರಡು ಹೆಜ್ಜೆ ಆಚೆ ಹೋಗುತ್ತೇನೆ. ಕೆನ್ನೆಗೆ ಗಾಳಿ ತಾಗುತ್ತದೆ. ಎಣಿಕೆ ತಪ್ಪುತ್ತದೆ.

ಮಧ್ಯಾಹ್ನ ಯಾರ್ಡಿನ ಧನಿಗಳು ಕೇಳಿದಾಗ ನೀನು ಪುಸ್ತಕ ತರಿಸಿ ನೋಡಿದೆ. ನನ್ನ ಸಹಿಯ ಮೇಲೆ ಬೆರಳಿಟ್ಟು, "ಇವ ಮಾಡಿದ್ದ. ನಂದೇ ಲೆಕ್ಕ ತಪ್ಪಿದ್ದ್. ಐದ್ ಕ್ಲಾಂಪ್ ಹಾಕ್ಕಿತ್ತ್" ಎಂದೆ. ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ.

ಆಸ್ಪತ್ರೆಯಲ್ಲಿ ಬಾಬಣ್ಣನ ಮೇಲಿನ ಹಲ್ಲು, ಕೆಳಗಿನ ಹಲ್ಲು ಸೇರಿಸಿ ಸಪೂರ ತಂತಿಯಿಂದ ಕಟ್ಟಿ ಬಾಯಿ ಮುಚ್ಚಿಬಿಟ್ಟರು. ಒಂದೂವರೆ ತಿಂಗಳು ನಳಿಗೆಯಲ್ಲಿ ಗಂಜಿ ತಿಳಿ. ನೀನು ಕೆಲಸ ಮುಗಿಸಿ ಪ್ರತಿದಿನ ಹೋಗಿ ಕೂತೆ. ನಾನು ಎರಡು ಸಲ ಬಂದೆ. ಎರಡನೇ ಸಲ ನೀನು ಹೇಳಿದ್ದು ನೆನಪಿದೆ: "ಕಾಣ್ ಮಂಜು, ಈ ಡಾಕ್ಟ್ರ್ ಒಂದ್ ಸಲ ಕಟ್ಟಿ ನಂಬಿ ಕೂಕಂಬುದಿಲ್ಲೆ. ಬಂದಾಗೆಲ್ಲ ತಂತಿ ಮುಟ್ಟಿ ಕಾಂತ್ರ್." ನಾನು ಹೂಂ ಎಂದು ಕಿಟಕಿಯ ಹೊರಗೆ ನೋಡಿದೆ.

ಮುಂದಿನ ವರ್ಷ ನೀನು ರಾಜೀನಾಮೆ ಕೊಟ್ಟೆ. ಪಿಯುಸಿಯಲ್ಲಿ ಬಯಾಲಜಿ ಇದ್ದುದರಿಂದ ಮತ್ತೆ ಸಿಇಟಿ ಬರೆದು ಡೆಂಟಲ್ ಸೇರಿದೆ. ಯಾರ್ಡಿನಲ್ಲಿ ತಿಂಗಳುಗಟ್ಟಲೆ ಅದೇ ತಮಾಷೆ — "ಬೋಟ್ ಬಿಟ್ಟ್ ಹಲ್ಲ್ ಹಿಡ್ದ ಅಂಬ್ರ್!" ನಿನ್ನ ಅಪ್ಪ ವರ್ಷವಿಡೀ ಮಾತು ಬಿಟ್ಟರು. ಬೈಂದೂರಿನಲ್ಲಿ ಗೊತ್ತಾಗಿದ್ದ ಹುಡುಗಿಯ ಮನೆಯವರು, ಇನ್ನೂ ಐದು ವರ್ಷ ಓದುವವನಿಗೆ ಹೆಣ್ಣು ಕೊಡಲಾಗದು ಎಂದು ಹಿಂದೆ ಸರಿದರು. ಅವರ ಮನೆಗೆ ಮಾತಾಡಲು ಹೋಗುವಾಗ ನೀನು ನನ್ನನ್ನೇ ಜೊತೆಗೆ ಕರೆದೆ. ಹೋದೆ. ಹಿಂದೆ ಬರುವಾಗ ಬಸ್ಸಿನಲ್ಲಿ ನೀನು ಹೇಳಿದೆ — "ಅವ್ರದ್ದ್ ತಪ್ಪಲ್ಲ. ನಾನ್ ಒಬ್ಬನ್ ಬಾಯಿ ಮುರ್ದವ." ಬೈಂದೂರಿನಿಂದ ಕುಂದಾಪುರದವರೆಗೆ ನಿನ್ನ ಪಕ್ಕದಲ್ಲಿ ಕೂತಿದ್ದೆ, ಸುಧಾಕರ. ಅಷ್ಟು ಉದ್ದದ ದಾರಿ. ಒಂದು ವಾಕ್ಯ ಹೇಳಲು —

ನಿನ್ನ ಜಾಗಕ್ಕೆ ಧನಿಗಳು ನನ್ನನ್ನೇ ಹಾಕಿದರು. ಏಳು ವರ್ಷ ಯಾರ್ಡ್ ನೋಡಿಕೊಂಡೆ. ಆಮೇಲೆ ಬ್ರಹ್ಮಾವರದಲ್ಲಿ ಬೋಟಿನ ಬಣ್ಣ, ಬೋಲ್ಟು ಮಾರುವ ಅಂಗಡಿ. ನೀನು ಎಂಟೊಂಬತ್ತು ವರ್ಷ ಓದಿ ಕುಂದಾಪುರದಲ್ಲಿ ಕ್ಲಿನಿಕ್ ತೆರೆದೆ. ನೀನು ಕರೆದಿದ್ದೆ; ಜ್ವರ ಎಂದು ನಾನು ಬರಲಿಲ್ಲ.

ಮಗಳು ಸ್ವಾತಿಗೆ ಹದಿಮೂರು ತುಂಬಿದಾಗ ಹಲ್ಲಿಗೆ ಕ್ಲಿಪ್ ಹಾಕಿಸಬೇಕಾಗಿ ಬಂತು. ಬೇರೆ ಊರಿನ ಡಾಕ್ಟರ ಹೆಸರು ಹೇಳಿ ನೋಡಿದೆ. "ನಿಮ್ ದೋಸ್ತಿಯೇ ಕುಂದಾಪ್ರದಲ್ಲ್ ಇಪ್ಪತಿಗೆ ಅಲ್ಲಿಗೆಂತಕ್ಕೆ?" ಎಂದಳು ಹೆಂಡತಿ.  ತಿಂಗಳಿಗೊಮ್ಮೆ ಶನಿವಾರ ನಿನ್ನ ಕುರ್ಚಿಯ ಪಕ್ಕದ ಸ್ಟೂಲಿನಲ್ಲಿ ಕೂರತೊಡಗಿದೆ. ನಿನ್ನ ಕೈ ನೋಡುತ್ತಿದ್ದೆ. ಒಂದು ಹಲ್ಲಿಗೂ ಅವಸರವಿಲ್ಲ. ತಂತಿಯ ಪ್ರತಿ ಗಂಟನ್ನೂ ಮುಟ್ಟಿ, ಮತ್ತೊಮ್ಮೆ ಮುಟ್ಟಿ.

ಹೋದ ತಿಂಗಳು ಸ್ವಾತಿ ಕೇಳಿದಳು, "ಡಾಕ್ಟ್ರೇ, ನೀವ್ ಮೊದ್ಲ್ ಬೋಟ್ ಮಾಡ್ತಿದ್ರಿ ಅಂಬ್ರಲ್ಲ, ಬಿಟ್ಟದ್ದ್ ಎಂತಕ್ಕೆ?"

"ನನ್ ಲೆಕ್ಕ ತಪ್ಪಿ ಒಬ್ರಿಗೆ ಪೆಟ್ಟಾಯ್ತ್ ಮಗಾ. ನಿನ್ ಅಪ್ಪಯ್ಯ ನಾನ್ ಹೇಳಿದ್ದ್ ಒಂದೂ ಬಿಡ್ದೆ ಮಾಡ್ತಿದ್ದ. ನಾನೇ ತಪ್ಪಿದ್ದ್. ಹೂಂ, ಬಾಯಿ ದೊಡ್ಡ ಮಾಡ್."

ಅವಳು ಬಾಯಿ ತೆರೆದುಕೊಂಡೇ ನನ್ನ ಕಡೆಗೆ ಕಣ್ಣು ಹೊರಳಿಸಿದಳು — ಹೆಮ್ಮೆಯಿಂದ. ಅಪ್ಪಯ್ಯ ಹೇಳಿದ್ದನ್ನೆಲ್ಲ ಮಾಡುವವನು.

ಮರುದಿನ ಬಾಬಣ್ಣನ ಮನೆಗೆ ಹೋದೆ. ಮೊದಲು ಅವನಿಗೆ ಹೇಳಬೇಕೆನಿಸಿತು. ನಿಜ ಹೇಳುವುದಾದರೆ, ನಿನಗಿಂತ ಅವನಿಗೆ ಹೇಳುವುದು ಸುಲಭವೆನಿಸಿತು. ಅವನ ದವಡೆ ಎಡಕ್ಕೆ ವಾಲಿಕೊಂಡೇ ಕೂಡಿದೆ. ಅನ್ನವನ್ನು ಒಂದೇ ಪಕ್ಕದಲ್ಲಿ ಅಗಿಯುತ್ತಾನೆ. ನಾನು ಎಲ್ಲ ಹೇಳಿದೆ — ಸ್ಪ್ಯಾನರ್, ಪುಸ್ತಕ, ಆ ಅರ್ಧ ಗಂಟೆ. ಅವನು ಬಲೆ ಹೊಲಿಯುವುದನ್ನು ನಿಲ್ಲಿಸಿದ.  ಬೈಯುತ್ತಾನೆ ಎಂದು ಕಾದೆ.

"ಡಾಕ್ಟ್ರಿಗ್ ಹೇಳಿರ್ಯಾ?"

"ಇಲ್ಲೆ."

"ಅವ್ರ್ ವರ್ಷ ವರ್ಷ ದಶಮಿ ದಿವ್ಸ ಬತ್ರ್. ಇಗಾ, ನೀವ್ ಕೂಕಂಡಲ್ಲೇ ಕೂಕಂತ್ರ್. ತಪ್ಪಾಯ್ತ್ ಬಾಬಣ್ಣ ಅಂತ್ರ್. ಹೋಯ್ಲಿ ಬಿಡಿ ಅಂತೆ ನಾನ್." ಅವನು ಬಲೆಯನ್ನು ಮೊಣಕಾಲಿನಿಂದ ಕೆಳಗಿಳಿಸಿದ. "ಇಷ್ಟ್ ವರ್ಷ ನಾನ್ ಯಾರಿಗ್ ಹೋಯ್ಲಿ ಬಿಡಿ ಅಂದದ್ದ್ ಹಾಂಗಾರೆ?"

ಜಾರಿದ ಬಲೆಯ ತುದಿಯನ್ನು ನಾನು ಎತ್ತಿ ಅವನ ಕಡೆ ಸರಿಸಿದೆ.

"ನಂಗೆ ಎಂತ ಹೇಳ್ತ್ರಿ ನೀವ್. ಅವ್ರಿಗ್ ಹೇಳಿ ಹೋಯ್ನಿ" ಎಂದ. ಕ್ಷಮಿಸಿದೆ ಎನ್ನಲಿಲ್ಲ. ಎದ್ದು ಒಳಗೆ ಹೋದ. ನಾನು ಸ್ವಲ್ಪ ಹೊತ್ತು ಅಲ್ಲೇ ಇದ್ದು, ಅವನು ಮತ್ತೆ ಬಾರದ್ದರಿಂದ ಹೊರಟೆ.

ಇದು ಗೊತ್ತಾದರೆ ನಿನಗೆ ಹಗುರವಾಗುತ್ತದೆ ಎಂದು ಬರೆಯಲು ಹೊರಟಿದ್ದೆ, ಹೊಡೆದುಹಾಕಿದೆ. ನಿನಗೆ ಏನಾಗುತ್ತದೋ ನನಗೆ ತಿಳಿಯದು. ಆ ಕಾಲೇಜು, ಆ ಹುಡುಗಿ, ಅಪ್ಪನ ಮೌನ — ಅವೆಲ್ಲ ಯಾವುದಕ್ಕಾಗಿ ಎಂದು ನೀನು ಕೇಳಬಹುದು. ನೀನು ಒಳ್ಳೆಯ ಡಾಕ್ಟರಾದೆ ಎಂಬುದನ್ನು ನನ್ನ ಲೆಕ್ಕಕ್ಕೆ ಹಾಕಿಕೊಳ್ಳುವುದಿಲ್ಲ.

ಈ ಹಾಳೆಗಳನ್ನು ಯಾರ ಕೈಯಲ್ಲಾದರೂ ಕಳಿಸಿಬಿಡೋಣ ಎಂದು ಎರಡು ದಿನ ಯೋಚಿಸಿದೆ. ಸುಳ್ಳನ್ನು ನಿನ್ನೆದುರು ನಿಂತು ಹೇಳಿದ್ದೆ. ಇದನ್ನೂ ಹಾಗೆಯೇ ಹೇಳಬೇಕು. ಮಾತು ನಡುವೆ ನಿಂತುಬಿಟ್ಟರೆ ಓದಲು ಮಾತ್ರ ಈ ಹಾಳೆಗಳು.

ನಿನ್ನೆ ನಿನ್ನ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಅಲ್ಲಿನ ಹುಡುಗಿ, "ಸ್ವಾತಿದಾ? ಅವ್ಳದ್ದ್ ಬಪ್ ವಾರ ಅಲ್ದಾ?" ಎಂದಳು.

"ಸ್ವಾತಿದಲ್ಲ. ನಂಗೆ."

"ನಿಮ್ಗೆಂತ ಆಯ್ತ್? ಹಲ್ಲ್ ನೋವಾ?"

"ಅಲ್ಲ. ಡಾಕ್ಟ್ರ ಹತ್ರ ಮಾತಾಡುಕಿತ್ತ್. ಅವ್ರೊಬ್ರೇ ಇಪ್ಪತಿಗೆ."

"ಮಾತಾಡುಕೆ ಎಷ್ಟೊತ್ತ್ ಬೇಕ್? ಹತ್ತ್ ನಿಮಿಷ ಬರ್ಕಣ್ಲಾ?"

ಬರ್ಕಣಿ ಎಂದೆ.